"ಕೈಯಲ್ಲಿ ಕೆಲ್ಸ ಐತೆ ಅಕ್ಕ, ಸಾಮಾನೇ ಸಿಗಲ್ಲ"

ಅಪ್ಪನ ಟ್ಯಾಬ್ ಮೊನ್ನೆಯಿಂದ ಮತ್ತೆ ಕೆಲಸ ಮಾಡುತ್ತಿದೆ. ಒಂದು ಗಾಜಿಗಾಗಿ ಒಂದೂವರೆ ತಿಂಗಳು ಅಲೆದೆ. ಅದನ್ನು ಬರೆಯಲೇಬೇಕು ಅನ್ನಿಸಿತು.

ಅಪ್ಪನಿಗೆ ಎಪ್ಪತ್ತೆಂಟು. ಪೇಪರಿನ ಸಣ್ಣಕ್ಷರ ಕಾಣುವುದಿಲ್ಲ. ಟ್ಯಾಬ್‌ನಲ್ಲಿ ಎರಡು ಬೆರಳಿಟ್ಟು ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಾರೆ. ಮಳೆಗಾಲದಲ್ಲಂತೂ ಎದ್ದ ತಕ್ಷಣ ನೋಡುವುದು ಕೆಆರ್‌ಎಸ್ ನೀರಿನ ಮಟ್ಟ. 124.80 ಅಡಿ ಮುಟ್ಟುವವರೆಗೂ ದಿನಾ ಮನೆಗೆಲ್ಲ ಕೇಳುವ ಹಾಗೆ ಓದಿ ಹೇಳಬೇಕು ಅವರಿಗೆ. ಆ ಟ್ಯಾಬ್ ಮಂಚದಿಂದ ಜಾರಿ ಕಡಪ ಕಲ್ಲಿನ ನೆಲಕ್ಕೆ ಬಿತ್ತು. ಮೂಲೆಯಿಂದ ಗಾಜು ಸೀಳಿತು. ಒಳಗಿನ ಚಿತ್ರ ಚೆನ್ನಾಗಿಯೇ ಇತ್ತು, ಬೆರಳಿಟ್ಟರೆ ಮಾತ್ರ ಏನೂ ಆಗುತ್ತಿರಲಿಲ್ಲ.

ಮೈಸೂರಿಗೆ ಹೋಗಿ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಕೊಟ್ಟೆ. ಗಾಜು ಒಂದೇ ಬರಲ್ಲ, ಪೂರ್ತಿ ಡಿಸ್‌ಪ್ಲೇ ಹಾಕಬೇಕು, ಎಂಟೂವರೆ ಸಾವಿರ ಅಂದರು. ಆಗಲಿ ಅಂದೆ. ಮೂರು ವಾರ ಬಿಟ್ಟು ಫೋನ್ ಬಂತು, ಆ ಮಾಡೆಲ್‌ಗೆ ಸ್ಟಾಕ್ ಇಲ್ಲ, ಹೊಸದು ತಗೊಳ್ಳಿ ಅಂತ. ತಗೊಂಡು ನಾಲ್ಕೇ ವರ್ಷ! ನಮ್ಮ ಮಂಡ್ಯದಲ್ಲಿ ಇಪ್ಪತ್ತು ವರ್ಷದ ಮೊಪೆಡ್‌ಗೆ ಬ್ರೇಕ್ ಕೇಬಲ್ ಸಿಗುತ್ತದೆ, ಅಜ್ಜನ ಕಾಲದ ಪಂಪ್‌ಸೆಟ್‌ಗೆ ಬೇರಿಂಗ್ ಸಿಗುತ್ತದೆ. ಇದಕ್ಕೆ ಮಾತ್ರ ಇಲ್ಲ.

ಕೊನೆಗೆ ಪೇಟೆ ಬೀದಿ ಹತ್ತಿರ ಮೊಬೈಲ್ ರಿಪೇರಿ ಮಾಡುವ ಹುಡುಗನ ಬಳಿ ಒಯ್ದೆ. ಅಂಚಿಗೆ ಬಿಸಿಗಾಳಿ ಹಿಡಿದು ಅಂಟು ಮೆತ್ತಗೆ ಮಾಡಿದ. ತೆಳು ಪ್ಲಾಸ್ಟಿಕ್ ಚೂರು ತೂರಿಸಿ, ಒಂದು ಸುತ್ತು ಬಂದು, ಡಿಸ್‌ಪ್ಲೇಗೆ ಗೀರೂ ಆಗದ ಹಾಗೆ ಗಾಜು ಎತ್ತಿದ. "ಟಚ್ ಒಂದೇ ಹೋಗಿರದು. ಕೈಯಲ್ಲಿ ಕೆಲ್ಸ ಐತೆ ಅಕ್ಕ, ಸಾಮಾನೇ ಸಿಗಲ್ಲ" ಅಂದ. ಟಚ್ ಅಂದರೆ ಬೆರಳಿಟ್ಟದ್ದು ತಿಳಿಯುವ ಮೇಲಿನ ಗಾಜು.

ಅವನ ಮಾತು ನಿಜವಾಯಿತು. ಆನ್‌ಲೈನ್‌ನಲ್ಲಿ ತರಿಸಿದ ಮೊದಲನೇ ಟಚ್ ಅಳತೆಯಲ್ಲೂ ಬಣ್ಣದಲ್ಲೂ ಅದೇ ಥರ ಇತ್ತು. ಆದರೆ ಮೇಲ್ಗಡೆ ಒಂದು ಸಣ್ಣ ಸೀಳು ಜಾಸ್ತಿ. ಅದು ಸಿಮ್ ಹಾಕುವ ಮಾಡೆಲ್‌ನದು, ಕಿವಿಗಿಟ್ಟು ಮಾತಾಡುವ ಸ್ಪೀಕರ್‌ಗೆ ಬಿಟ್ಟ ಕಿಂಡಿ. ನಮ್ಮದು ವೈಫೈ ಮಾತ್ರ ಇರುವುದು. ಮಾಡೆಲ್ ನಂಬರಿನ ಕೊನೇ ಅಂಕಿ ಒಂದೇ ಬೇರೆ, ಮಾರುವವರು ಎರಡಕ್ಕೂ ಆಗುತ್ತದೆ ಅಂತ ಬರೆದಿದ್ದರು.

ಎರಡನೆಯದು ಸರಿಯಾಗಿ ಕೂತಿತು. ಹುಡುಗ ಅಂಟಿಸಲಿಲ್ಲ. ಮೇಲಿನ ಪ್ಲಾಸ್ಟಿಕ್ ಕೂಡ ತೆಗೆಯದೆ, ಟಚ್ಚನ್ನು ಒಳಗಿನ ಬೋರ್ಡಿಗೆ ಸೇರಿಸುವ ತೆಳು ಪಟ್ಟಿ, ಅಂದರೆ ಸ್ಟ್ರಿಪ್ ಮಾತ್ರ ಸಿಕ್ಕಿಸಿ, ನೋಟ್ಸ್ ತೆರೆದು ಬೆರಳಲ್ಲಿ ಅಡ್ಡಡ್ಡ ಗೆರೆ ಎಳೆಯುತ್ತಾ ಬಂದ. ಬಲಗಡೆ ಅಂಚಿನಲ್ಲಿ ಗೆರೆ ತುಂಡಾಯಿತು. ಕೈ ತೆಗೆದ ಮೇಲೂ ಅಲ್ಲಿ ತಾನಾಗಿಯೇ ಚುಕ್ಕಿ ಬೀಳುತ್ತಿತ್ತು. ವಾಪಸ್ ಕಳಿಸಿದರೆ, ಸ್ಟ್ರಿಪ್ ಮಡಚಿದೆ, ದುಡ್ಡು ಕೊಡಲ್ಲ ಅಂದರು. ಸಿಕ್ಕಿಸದೆ ಕೆಟ್ಟಿದೆ ಅಂತ ತಿಳಿಯುವುದಾದರೂ ಹೇಗೆ, ಹೇಳಿ? ಆ ದುಡ್ಡು ಅವನ ಕೈಯಿಂದ ಹೋಯಿತು. ಕೊಡ್ತೀನಿ ಅಂದರೂ ಇಸ್ಕೊಳ್ಳಲಿಲ್ಲ.

ನನಗೆ ತುಂಬಾ ಬೇಜಾರಾಗಿದ್ದು ಇಲ್ಲಿ. ಗಿರಾಕಿಗಳು ಬೈಯುವುದು ರಿಪೇರಿಯವನನ್ನು. ಎಲ್ಲಾ ಡಬ್ಬಿ ಮೇಲೂ ಒರಿಜಿನಲ್ ಅಂತಲೇ ಇರುತ್ತದೆ. ಕಂಪನಿಯದೇ, ಬೇರೆಯವರು ಮಾಡಿದ್ದೇ, ಹಳೇ ಟ್ಯಾಬ್‌ನಿಂದ ಬಿಚ್ಚಿದ್ದೇ ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಬರೆದು ಮಾರಲಿ. ಕಡಿಮೆ ಬೆಲೆಯದು ಬೇಕಾದವರು ಗೊತ್ತಿದ್ದೇ ತಗೊಳ್ಳುತ್ತಾರೆ, ಅಲ್ವಾ?

ಟಚ್ ಕೈಕೊಟ್ಟರೆ ದುಡ್ಡು ಹೋಗುತ್ತದೆ ಅಷ್ಟೆ, ಬ್ಯಾಟರಿ ಹಾಗಲ್ಲ. ಬಿಚ್ಚಿದಾಗ ಅಪ್ಪನ ಟ್ಯಾಬ್‌ನ ಬ್ಯಾಟರಿ ಸ್ವಲ್ಪ ಉಬ್ಬಿತ್ತು. ನಾನೂರು ರೂಪಾಯಿಯದು ಒಂದು ಸಿಕ್ಕಿತ್ತು, ಹುಡುಗ ಮುಟ್ಟಲಿಲ್ಲ. ಲಿಥಿಯಂ ಬ್ಯಾಟರಿ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಐಎಸ್ 16046 ಅನ್ನುವ ಸಂಖ್ಯೆ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಆ ನಾನೂರರ ಬ್ಯಾಟರಿ ಮೇಲೆ ಇದ್ಯಾವುದೂ ಇರಲಿಲ್ಲ. ದಿಂಬಿನ ಪಕ್ಕ ಇಟ್ಟುಕೊಂಡು ಮಲಗುವ ಸಾಮಾನು ಅದು. ಗುರುತಿದ್ದದ್ದೇ ಹುಡುಕಿ ಹಾಕಿದ.

ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ. ಟ್ಯಾಬ್ ಮಾದರಿಯೊಂದರ ಮಾರಾಟ ನಿಂತ ಮೇಲೂ ಏಳು ವರ್ಷ ಅದರ ಡಿಸ್‌ಪ್ಲೇ, ಬ್ಯಾಟರಿಯಂಥ ಮುಖ್ಯ ಬಿಡಿಭಾಗ ಸಿಗಬೇಕು. ನಮ್ಮಲ್ಲಿ 2022ರ ಡಿಸೆಂಬರ್ 24ರಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಕಂಪನಿಗಳು ರಿಪೇರಿ, ವಾರಂಟಿ ಮಾಹಿತಿ ಕೊಡಲಿ ಅಂತ. ಒಳ್ಳೇ ಕೆಲಸವೇ. ಆದರೆ ಮಾಹಿತಿ ಹಾಕಿದರೆ ಪೇಟೆ ಬೀದಿಯ ಅಂಗಡಿಗೆ ಗಾಜು ಬಂದು ಬೀಳುವುದಿಲ್ಲ. ಇಷ್ಟು ವರ್ಷ ಬಿಡಿಭಾಗ ಕೊಡಲೇಬೇಕು, ಹೊರಗಿನ ರಿಪೇರಿಯವರಿಗೂ ಮಾರಲೇಬೇಕು ಅಂತ ಇಲ್ಲೂ ಆಗಬೇಕು.

ಕೊನೆಗೆ ಟಚ್ ಸಿಕ್ಕಿದ್ದು ಮೈಸೂರಿನಲ್ಲಿ. ಹುಡುಗನ ಪರಿಚಯದವರ ಅಂಗಡಿಯಲ್ಲಿ ಬೋರ್ಡ್ ಸುಟ್ಟುಹೋದ ಅದೇ ಮಾಡೆಲ್ ಟ್ಯಾಬ್ ಇತ್ತು. ಸ್ಟ್ರಿಪ್ ಮೇಲಿನ ನಂಬರ್ ಫೋಟೋ ತರಿಸಿ, ನಮ್ಮದರ ಜೊತೆ ಅಕ್ಷರ ಅಕ್ಷರ ಹೋಲಿಸಿದ. ಸಂಜೆ ರೈಲಿಗೆ ಹೋಗಿ ತಂದ. ಸಾಮಾನು, ಕೂಲಿ, ಬ್ಯಾಟರಿ ಎಲ್ಲಾ ಸೇರಿ ಎರಡು ಸಾವಿರದ ಆರುನೂರು.

ನಿಮ್ಮ ಬೀರುವಿನಲ್ಲೂ ಸತ್ತುಹೋದ ಟ್ಯಾಬ್ ಸುಮ್ನೆ ಬಿದ್ದಿರಬಹುದು. ಅದರ ಗಾಜೋ ಸ್ಪೀಕರೋ ಇನ್ನೂ ಚೆನ್ನಾಗಿರುತ್ತದೆ. ನಿಮ್ಮ ಖಾತೆ, ಫೋಟೋ ಎಲ್ಲಾ ಅಳಿಸಿ, ನಂಬಿಕೆಯ ರಿಪೇರಿ ಅಂಗಡಿಗೆ ಕೊಡಿ. ಬ್ಯಾಟರಿ ಉಬ್ಬಿದ್ದರೆ ಮೊದಲೇ ಹೇಳಿ. ಮಂಡ್ಯದವರಾದರೆ ನನಗೆ ಮೆಸೇಜ್ ಮಾಡಿ, ನಾನೇ ಬಂದು ತಗೊಂಡು ಹೋಗಿ ಆ ಹುಡುಗನಿಗೆ ಮುಟ್ಟಿಸುತ್ತೇನೆ.