"ಶಾಕ್ ಅಲ್ಲ ಮೇಡಂ, ಸ್ಟಿಮ್!"

ಬೆಳಿಗ್ಗೆಯಿಂದ ತಲೆಯಲ್ಲಿ ಇದೊಂದೇ ಮಾತು ಗುಂಯ್‌ಗುಡುತ್ತಿದೆ. ಆಫೀಸಿನಲ್ಲಿ ಎರಡು ಸಲ ತಪ್ಪು ಫೈಲ್ ತೆಗೆದೆ. ಬರೆದು ಹೊರಹಾಕದಿದ್ದರೆ ರಾತ್ರಿ ನಿದ್ದೆ ಬರಲ್ಲ, ಅದಕ್ಕೇ ಇಷ್ಟುದ್ದ. ನಾಯಿ ಅಂದರೆ ಆಗದವರು ಇಲ್ಲೇ ಇಳಿದುಕೊಳ್ಳಿ, ಮುಂದಿನ ಸ್ಟಾಪ್ ದೂರ ಇದೆ.

ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಮೈದಾನ ನಿಮಗೆ ಗೊತ್ತು, ನಮ್ಮ ನಾಯಿ ರಂಗಿಯ ಫೋಟೋಗಳೆಲ್ಲ ಅಲ್ಲಿಯವೇ. ಆರೂವರೆಗೆ ಹೋದರೆ ಬಿ ಬ್ಲಾಕಿನ ಹುಡುಗ ತನ್ನ ಲ್ಯಾಬ್ರಡಾರ್ ಜೊತೆ ನಿಂತಿದ್ದ. ಪಕ್ಕದಲ್ಲಿ ಟ್ರೈನರ್. ಆರು ಜೇಬಿನ ಪ್ಯಾಂಟು, ಸೊಂಟಕ್ಕೊಂದು ಚೀಲ, ಕೊರಳಲ್ಲಿ ದಾರ ಕಟ್ಟಿದ ಒಂದು ರಿಮೋಟ್. ನಾಯಿಗೆ ಹನ್ನೊಂದು ತಿಂಗಳು. ಆ ವಯಸ್ಸಿನ ಲ್ಯಾಬ್ ಹೇಗಿರುತ್ತೆ ಅಂತ ಸಾಕಿದವರಿಗೆ ಗೊತ್ತು, ಮೈಯೆಲ್ಲ ಬಾಲವೇ.

ಹಾಲಿನವರ ಸ್ಕೂಟರ್ ಗೇಟಿನ ಹತ್ತಿರ ಬಂತು. ನಾಯಿ ಅತ್ತ ಎರಡು ಹೆಜ್ಜೆ ಇಟ್ಟಿತು. ಟ್ರೈನರ್ ಹೆಬ್ಬೆರಳು ಅಲುಗಿತು, ಅಷ್ಟೇ. ಬೇರೇನೂ ಆಗಲಿಲ್ಲ. ನಾಯಿ ಮಾತ್ರ ಕುಂಯ್ ಅಂದು ಕುತ್ತಿಗೆ ಸೊಟ್ಟ ಮಾಡಿ, ಏನೋ ಕಚ್ಚಿದ ಹಾಗೆ ತಿರುಗಿ ತನ್ನ ಭುಜವನ್ನೇ ನೋಡಿಕೊಂಡಿತು. ಅಲ್ಲಿ ಏನೂ ಇರಲಿಲ್ಲ. ಆಮೇಲೆ ಕೂತಿತು. ಕಿವಿ ಹಿಂದಕ್ಕೆ, ಬಾಯಿ ಬಿಗಿ, ನಾಲಿಗೆ ಮೂಗಿನ ಮೇಲೆ ಒಂದು ಸಲ, ಎರಡು ಸಲ.

"ನೋಡಿ ಆಂಟಿ, ಎಷ್ಟು ಕಾಮ್ ಆಗಿಬಿಟ್ಟ" ಅಂದ ಹುಡುಗ. (ಆಂಟಿ ಅಂದಿದ್ದಕ್ಕೂ ಸಿಟ್ಟು ಬಂತು, ಅದು ಬೇರೆ ವಿಷಯ.)

"ಶಾಕ್ ಕೊಡ್ತಾ ಇದ್ದೀರಾ?" ಅಂತ ಕೇಳಿದ್ದಕ್ಕೇ ಆ ಟ್ರೈನರ್ ಮಹಾಶಯರು ಮೇಲಿನ ಮಾತು ಹೇಳಿದ್ದು. ಶಾಕ್ ಅಲ್ಲವಂತೆ, ಸ್ಟಿಮ್ (ಸ್ಟಿಮ್ಯುಲೇಷನ್) ಅಂತೆ. ಇನ್ನೂ ಬೇಕಾದರೆ ಇ-ಟಚ್. ಟ್ಯಾಪ್. ಕಮ್ಯುನಿಕೇಷನ್. ಭುಜ ತಟ್ಟಿ ಕರೆದ ಹಾಗೆ ಅಷ್ಟೇ ಅಂತೆ. ಒಂದೇ ಸಾಮಾನಿಗೆ ಇಷ್ಟೊಂದು ಮುದ್ದಿನ ಹೆಸರು ಇಡಬೇಕಾಗಿ ಬಂದಿದೆ ಅಂದರೆ ಅದರ ಜಾತಕದಲ್ಲಿ ಏನೋ ಇದೆ ಅಂತಲೇ ಲೆಕ್ಕ.

"ಫಿಸಿಯೋಥೆರಪಿಯಲ್ಲಿ ಕರೆಂಟ್ ಮಷಿನ್ ಇಡ್ತಾರಲ್ಲ ಮೇಡಂ, ಅದೇ ಟೆಕ್ನಾಲಜಿ" ಅಂತ ಪಾಠವೂ ಆಯಿತು. ಸ್ವಾಮಿ, ಹೋದ ವರ್ಷ ನನ್ನ ಸೊಂಟಕ್ಕೆ ಅದೇ ಮಷಿನ್ ಇಟ್ಟಿದ್ದರು. ತಿರುಗಿಸುವ ಮುಂಚೆ ಕೇಳಿದ್ದರು. ಸಾಕು ಅಂದಾಗ ನಿಲ್ಲಿಸಿದ್ದರು. ಮುಗಿದ ಮೇಲೆ ನಾನೇ ದುಡ್ಡು ಕೊಟ್ಟು ಥ್ಯಾಂಕ್ಸ್ ಹೇಳಿ ಬಂದೆ. ಲ್ಯಾಬ್ ಹತ್ತಿರ ಯಾರು ಕೇಳಿದರು?

ಗೊತ್ತಿಲ್ಲದವರಿಗೆ ಈ ಶಾಕ್ ಕಾಲರ್ ಬಗ್ಗೆ ಎರಡು ಮಾತು. ಕೊರಳಪಟ್ಟಿಯಲ್ಲಿ ಒಂದು ಪುಟ್ಟ ಡಬ್ಬಿ ಇರುತ್ತೆ. ಅದರ ಒಳಮುಖಕ್ಕೆ ಎರಡು ಲೋಹದ ಮೊಳೆ. ಅವು ಕೂದಲು ದಾಟಿ ಚರ್ಮಕ್ಕೆ ಒತ್ತಬೇಕು, ಇಲ್ಲದಿದ್ದರೆ ಕರೆಂಟ್ ಹರಿಯಲ್ಲ, ಹಾಗಾಗಿ ಬಿಗಿಯಾಗಿಯೇ ಕಟ್ಟಬೇಕು. ದಿನವಿಡೀ ಹಾಗೇ ಬಿಟ್ಟರೆ ಮೊಳೆ ಒತ್ತಿದ ಜಾಗ ಹುಣ್ಣಾಗುತ್ತೆ. ರಿಮೋಟಿನಲ್ಲಿ ಬೀಪ್, ವೈಬ್ರೇಷನ್, ಆಮೇಲೆ ಕರೆಂಟ್. ಎಷ್ಟೋ ಕಾಲರ್‌ಗಳಲ್ಲಿ ಅದಕ್ಕೆ 1ರಿಂದ 100ರವರೆಗೆ ಅಂಕಿ. ನೂರಾರು ಮೀಟರ್ ದೂರದಿಂದ ಒತ್ತಬಹುದು. ಬ್ಯಾಲ್ಕನಿಯಲ್ಲಿ ಕಾಫಿ ಕುಡೀತಾ ಒತ್ತಬಹುದು.

ನನಗೆ ಉರಿಯೋದು ಅಲ್ಲೇ. ನೋವಿನ ಮಾತು ಆಮೇಲೆ. ಕೈ ಎಲ್ಲಿ ಹೋಯಿತು?

ಊರಲ್ಲಿ ನಮ್ಮ ಕಾಕಾ ಒಮ್ಮೆ ನಾಯಿಗೆ ಬಡಿಗೆ ತಗೊಂಡು ಹೊಡೆದಿದ್ದ. ಹಾಲಿನ ಪಾತ್ರೆಗೆ ಬಾಯಿ ಹಾಕಿತ್ತು ಅಂತ. ನಾಯಿ ಒದರಿದ್ದು ಓಣಿಗೆಲ್ಲ ಕೇಳಿತು. ಎದುರು ಮನೆ ಅಜ್ಜಿ ಕಟ್ಟೆ ಮೇಲೆ ಕೂತಲ್ಲಿಂದಲೇ, "ಏನಪಾ, ಮೂಕ ಪ್ರಾಣಿ ಮ್ಯಾಲ ಗಂಡಸ್ತನ ತೋರಸಾಕ ಹತ್ತೀಯೇನ?" ಅಂದಳು. ಕಾಕಾ ಬಡಿಗೆ ಮೂಲೆಗೆ ಒಗೆದ. ಸಂಜೆ ತನ್ನ ತಾಟಿನ ಅರ್ಧ ರೊಟ್ಟಿ ಆ ನಾಯಿಗೇ ಹಾಕಿದ. ಹೊಡೆದದ್ದು ತಪ್ಪೇ, ನಾನೇನೂ ಆ ಕಾಲವನ್ನು ಹೊಗಳುತ್ತಿಲ್ಲ. (ತುಡುಗು ದನದ ಕೊರಳಿಗೆ ಮರದ ತುಂಡು ನೇತುಹಾಕಿ ಬಿಡುತ್ತಿದ್ದ ಊರು ಅದು.) ಆದರೆ ಹೊಡೆದವನ ಮುಖ ನಾಯಿಗೂ ಗೊತ್ತಿತ್ತು, ಓಣಿಗೂ ಗೊತ್ತಿತ್ತು, ಅವನಿಗೂ ನಾಚಿಕೆ ಆಯಿತು. ಈ ರಿಮೋಟ್ ಮೊದಲು ಅಳಿಸಿಹಾಕೋದು ಆ ನಾಚಿಕೆಯನ್ನು. ಬಡಿಗೆ ಎತ್ತಿದರೆ ಮೈದಾನದಲ್ಲಿ ಹತ್ತು ಜನ ವಿಡಿಯೋ ಮಾಡ್ತಾರೆ. ಹೆಬ್ಬೆರಳು ಅಲುಗಿದರೆ "ವಾವ್, ಎಷ್ಟು ವೆಲ್ ಟ್ರೈನ್ಡ್" ಅಂತಾರೆ.

ಕಾನೂನು ಅಂತೀರಾ? ನಮ್ಮ ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಪ್ರಾಣಿಗೆ ಅನಗತ್ಯ ನೋವು ಕೊಟ್ಟರೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ತಪ್ಪು ಓದಲಿಲ್ಲ, ಐವತ್ತೇ. ಒಂದು ಮಸಾಲೆ ದೋಸೆಯೂ ಬರಲ್ಲ. ಇಂಥ ಕಾಲರಿನ ಹೆಸರು ಅದರಲ್ಲಿಲ್ಲ, ಇರೋದಾದರೂ ಹೇಗೆ? ವೇಲ್ಸ್‌ನಲ್ಲಿ 2010ರಲ್ಲೇ ನಿಷೇಧಿಸಿದರು. ಜರ್ಮನಿಯ ಆಡಳಿತ ನ್ಯಾಯಾಲಯ 2006ರಲ್ಲೇ, ನೋವು ಕೊಡಬಲ್ಲ ಇಂಥ ಸಾಧನ ನಾಯಿ ತರಬೇತಿಗೆ ಕೂಡದು ಅಂದಿತು. ಇಂಗ್ಲೆಂಡಿನಲ್ಲಿ 2024ರ ಫೆಬ್ರವರಿಯಿಂದ ರಿಮೋಟ್ ಕಾಲರ್ ನಿಲ್ಲಬೇಕಿತ್ತು, ನಿಯಮ ಸಂಸತ್ತಿನಲ್ಲಿ ಅರ್ಧ ದಾರಿಗೇ ನಿಂತುಹೋಯಿತು. ಅಲ್ಲಿ ಕನಿಷ್ಠ ಕೂಗಾಡುತ್ತಾರೆ. ನಮ್ಮಲ್ಲಿ ಎರಡು ದಿನದಲ್ಲಿ ಮನೆ ಬಾಗಿಲಿಗೆ ಡೆಲಿವರಿ.

ಈಗ ಕಾಮೆಂಟಿನಲ್ಲಿ ಬರೋದು ಏನು ಅಂತ ನನಗೆ ಗೊತ್ತು. ಒಬ್ಬರು "ದಂಡಂ ದಶಗುಣಂ" ಅಂತಾರೆ. ಇನ್ನೊಬ್ಬರು "ನಾವೂ ಹುಣಸೆ ಬರಲಿನ ಏಟು ತಿಂದೇ ಬೆಳೆದವರು, ಏನಾಗಿದೆ ನಮಗೆ?" ಅಂತಾರೆ. ಏನಾಗಿದೆ ಅಂದರೆ, ಭಾನುವಾರ ಮ್ಯಾನೇಜರ್ ಹೆಸರು ಮೊಬೈಲಿನಲ್ಲಿ ಕಂಡರೆ ಎದೆ ಡವಡವ ಅನ್ನುತ್ತೆ, ಅದಾಗಿದೆ.

ಮೂರನೆಯವರು ಸ್ವಲ್ಪ ಓದಿಕೊಂಡವರು. ಅವರು ಅಮೆರಿಕದ ಅರಿಜೋನಾದ ಅಧ್ಯಯನ ತರ್ತಾರೆ. 2024ರದ್ದು, ನಾನೂ ಓದಿದ್ದೀನಿ. 19 ನಾಯಿ. ಓಡುವ ಆಮಿಷವನ್ನು ಅಟ್ಟಿಸಿಕೊಂಡು ಹೋಗಬಾರದು ಅಂತ ಕಲಿಸಬೇಕಿತ್ತು. ಕಾಲರ್ ಹಾಕಿದವು ಎರಡೇ ಪಾಠದಲ್ಲಿ ನಿಂತವು, ತಿಂಡಿ ಕೊಟ್ಟು ಕಲಿಸಿದವು ನಿಲ್ಲಲಿಲ್ಲ. ಸರಿ, ಒಪ್ಪಿದೆ. ಕೆಲಸ ಮಾಡಲ್ಲ ಅಂತ ನಾನು ಯಾವಾಗ ಹೇಳಿದೆ? ಶಾಕ್ ಬಿದ್ದಾಗ ಆ ನಾಯಿಗಳು ಕಿರುಚಿದ್ದನ್ನೂ ಅದೇ ಪ್ರಬಂಧ ಬರೆದಿದೆ, ಅದನ್ನು ಯಾರೂ ಫಾರ್ವರ್ಡ್ ಮಾಡಲ್ಲ. ಇತ್ತ ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 63 ನಾಯಿಗಳನ್ನು ನೋಡಿದ್ದರು. ಕರೆದರೆ ಬಾರದವು, ಕುರಿ ಅಟ್ಟುವಂಥವು. ಅಲ್ಲಿ ಕಾಲರಿನಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ, ತಿಂಡಿಯವು ಹಿಂದೆ ಬೀಳಲಿಲ್ಲ. ನೀವೊಂದು ತಂದರೆ ನಾನೊಂದು ತರ್ತೀನಿ, ಇದು ಮುಗಿಯೋ ಆಟ ಅಲ್ಲ.

ನನಗೆ ಮರೆಯಲಾಗದ್ದು 2004ರ ಡಚ್ ಅಧ್ಯಯನ. ಕಾವಲು ನಾಯಿಗಳದ್ದು. ಶಾಕ್ ತಿಂದು ಕಲಿತ ನಾಯಿಗಳು ಆಮೇಲೆ ಯಾವ ಪಾಠವೂ ಇಲ್ಲದೆ ಪಾರ್ಕಿನಲ್ಲಿ ಮಾಲೀಕರ ಜೊತೆ ಸುಮ್ಮನೆ ಅಡ್ಡಾಡುವಾಗಲೂ ಮೈ ಕುಗ್ಗಿಸುತ್ತಿದ್ದವು. ಅವಕ್ಕೆ ಮಾಲೀಕನೇ ಶಾಕಿನ ಮುನ್ಸೂಚನೆ ಆಗಿಬಿಟ್ಟಿದ್ದ. ಇನ್ನು ಆ "ಕಾಮ್" ಅನ್ನೋ ಮಾತು! 1967ರಲ್ಲಿ ಸೆಲಿಗ್‌ಮನ್, ಮೇಯರ್ ಅನ್ನೋ ಇಬ್ಬರು ನಾಯಿಗಳಿಗೆ ತಪ್ಪಿಸಿಕೊಳ್ಳಲು ಆಗದ ಹಾಗೆ ಶಾಕ್ ಕೊಟ್ಟು ನೋಡಿದ್ದರು. ಆಮೇಲೆ ಒಂದು ಗಿಡ್ಡ ತಡೆ ಹಾರಿದರೆ ಸಾಕು, ಪಾರಾಗಬಹುದು ಅಂತಿದ್ದಾಗಲೂ ಅವುಗಳಲ್ಲಿ ಬಹುಪಾಲು ಹಾರಲಿಲ್ಲ. ಬಿದ್ದುಕೊಂಡು ಕುಂಯ್‌ಗುಟ್ಟುತ್ತಾ ಸಹಿಸಿದವು. ಹೊರಗಿಂದ ನೋಡಿದವರಿಗೆ ಅವೂ ಕಾಮ್ ಆಗಿಯೇ ಕಂಡಿರಬೇಕು. (ಬೆಳಿಗ್ಗೆಯ ಲ್ಯಾಬಿಗೂ ಇದಕ್ಕೂ ಹೋಲಿಸೋದು ಅತಿಯಾಯಿತು, ಗೊತ್ತು. ಸಿಟ್ಟಿನಲ್ಲಿದ್ದೀನಿ.)

ಇದನ್ನೆಲ್ಲ ಅಲ್ಲೇ ಆ ಹುಡುಗನಿಗೆ ಹೇಳಿಬಿಟ್ಟೆನಾ? ಇಲ್ಲ. ಬಾಯಿ ತೆರೆಯುವಷ್ಟರಲ್ಲಿ ಅವನೇ, "ನಿಮ್ಮ ನಾಯಿ ಇನ್ನೂ ಹಗ್ಗದಲ್ಲೇ ಇದೆಯಲ್ಲ ಆಂಟಿ. ನಮ್ಮದು ನೋಡಿ, ಫ್ರೀ" ಅಂದ.

ಚುಚ್ಚಿತು. ಯಾಕೆಂದರೆ ನಿಜ. ರಂಗಿ ಮುಧೋಳದವಳು, ನನ್ನ ತವರಿನ ಕಡೆಯವಳು. 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದದ್ದು ಈ ತಳಿಯೇ ಅಂತ ನಾನು ಎದೆಯುಬ್ಬಿಸಿ ಹೇಳೋದನ್ನು ನೀವೆಲ್ಲ ಸಾಕುಸಾಕಾಗುವಷ್ಟು ಕೇಳಿದ್ದೀರಿ. ಆದರೆ ಇದು ಕಣ್ಣಿನಿಂದ ಬೇಟೆ ಆಡೋ ನಾಯಿ. ದೂರದಲ್ಲಿ ಏನಾದರೂ ಓಡಿತೋ, ಕಿವಿ ಮುಚ್ಚಿಹೋಗುತ್ತೆ, ಕಾಲು ಮಾತ್ರ ಇರುತ್ತೆ. ಹಾಗಾಗಿ ಮೂವತ್ತು ಅಡಿ ಹಗ್ಗ. ಆ ಹಗ್ಗಕ್ಕೆ ಎರಡು ತುದಿ ಇವೆ, ಎರಡೂ ಎಲ್ಲರಿಗೂ ಕಾಣುತ್ತವೆ. ಹಿಡಿದವಳು ಯಾರು ಅಂತ ರಂಗಿಗೂ ಗೊತ್ತು. ಈ ಉತ್ತರ ಹೊಳೆದಿದ್ದು ಲಿಫ್ಟಿನಲ್ಲಿ, ಮೂರನೇ ಮಹಡಿ ದಾಟಿದ ಮೇಲೆ.

ಸರಿ, ಇಷ್ಟು ದೂರ ಓದಿದ್ದೀರಿ, ಉಳಿದದ್ದನ್ನೂ ಹೇಳಿಬಿಡ್ತೀನಿ. ನನ್ನ ಹತ್ತಿರವೂ ಒಂದು ಇತ್ತು. ಇತ್ತು ಏನು, ಇದೆ. ಅಟ್ಟದ ಮೇಲೆ, ಗಣೇಶನ ಹಬ್ಬದ ಸೀರಿಯಲ್ ಲೈಟಿನ ಡಬ್ಬದಲ್ಲಿ. ಯಾಕೆ ಎಸೆದಿಲ್ಲ ಅಂತ ಕೇಳಬೇಡಿ.

ಎರಡು ವರ್ಷದ ಹಿಂದೆ ರಂಗಿ ಬೆಕ್ಕಿನ ಹಿಂದೆ ಮೇನ್ ರೋಡ್ ದಾಟಿದಳು. ಆಟೋದವರು ಬ್ರೇಕ್ ಹಾಕಿ ಇಳಿದು ಬಂದು ನನ್ನ ಏಳು ತಲೆಮಾರನ್ನು ನೆನೆಸಿದರು. ಬೈದದ್ದು ನ್ಯಾಯವಾಗಿಯೇ ಇತ್ತು. ಅವತ್ತು ರಾತ್ರಿ ಹನ್ನೊಂದಕ್ಕೆ ಕೈ ಇನ್ನೂ ನಡುಗುತ್ತಿದ್ದಾಗಲೇ ಆರ್ಡರ್ ಮಾಡಿದೆ. ಬಂದ ದಿನ ಮೊದಲು ನನ್ನ ಮುಂಗೈಗೆ ಕಟ್ಟಿಕೊಂಡೆ, ಯಜಮಾನರು ಒತ್ತಿದರು. 8ರಲ್ಲಿ ಏನೂ ಇಲ್ಲ. 15ರಲ್ಲಿ ಇರುವೆ. 30ರಲ್ಲಿ ನಾನು ಕೈ ಎತ್ತಲಿಲ್ಲ, ಕೈ ತಾನೇ ಎದ್ದಿತು. ಟೀಪಾಯಿ ಮೇಲಿದ್ದ ಕಾಫಿ ಲೋಟ ಗೋಡೆಗೆ ಹೋಯಿತು. ಮನೆಯವರು ನಕ್ಕರು, ನಾನೂ ನಕ್ಕೆ.

ಮಾರನೆಯ ದಿನ ಅವಳಿಗೆ 20ಕ್ಕೆ ಇಟ್ಟೆ. 30 ಅಲ್ಲವಲ್ಲ! ಎಷ್ಟು ದಯಾಮಯಿ ನೋಡಿ. ಮುಧೋಳ ನಾಯಿಯ ಕುತ್ತಿಗೆ ಹೇಗಿರುತ್ತೆ ಗೊತ್ತಲ್ಲ, ಉದ್ದಕ್ಕೆ, ಸಣ್ಣಗೆ, ಕೂದಲು ನೆಪಕ್ಕೆ ಮಾತ್ರ. ಮೊಳೆಗಳು ಏನನ್ನೂ ದಾಟಬೇಕಾಗಿರಲಿಲ್ಲ.

ಮೊದಲು ಬೀಪ್, ಬಾರದಿದ್ದರೆ ಕರೆಂಟ್. ನಾಲ್ಕೇ ದಿನ. ನಾಲ್ಕನೇ ದಿನ ಅಳಿಲಿನ ಹಿಂದೆ ಹೊರಟವಳು ಬೀಪ್ ಕೇಳಿ ಬಾಣದ ಹಾಗೆ ತಿರುಗಿ ನನ್ನ ಕಾಲ ಬಳಿ ಬಂದಳು. ವಿಡಿಯೋ ಮಾಡಿದ್ದೆ. ಇಲ್ಲೇ ಹಾಕಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಹಾರ್ಟ್ ಒತ್ತಿದ್ದೀರಿ, "ಎಂಥಾ ಜಾಣೆ" ಅಂತ ಬರೆದಿದ್ದೀರಿ. ಅದರಲ್ಲಿ ಅವಳ ಕೊರಳಿಗೆ ಒಂದು ಕೆಂಪು ಕರ್ಚೀಫ್ ಇದೆ, ನೆನಪಿದೆಯಾ? ಚೆಂದಕ್ಕೆ ಅಂದುಕೊಂಡಿರುತ್ತೀರಿ. ಡಬ್ಬಿ ಕಾಣಬಾರದು ಅಂತ ಕಟ್ಟಿದ್ದೆ.

ಆ ವಿಡಿಯೋ ಈಗ ತೆಗೆದಿದ್ದೀನಿ, ಹುಡುಕಬೇಡಿ.

ಐದನೇ ದಿನ ಬೆಳಿಗ್ಗೆ ಹಿಂದಿನ ರಾತ್ರಿಯ ಸಾರನ್ನು ಮೈಕ್ರೋವೇವ್‌ನಲ್ಲಿ ಇಟ್ಟಿದ್ದೆ. ರಂಗಿ ಅಡುಗೆಮನೆ ಬಾಗಿಲಲ್ಲಿ ತನ್ನ ಬಟ್ಟಲಲ್ಲಿ ಅನ್ನ ತಿನ್ನುತ್ತಿದ್ದಳು. ಬಿಸಿಯಾದದ್ದಕ್ಕೆ ಅದು ಬೀಪ್ ಅಂತು. ಬಟ್ಟಲು ಉರುಳಿದ ಸದ್ದಿಗೆ ತಿರುಗಿದೆ, ಅವಳು ಇರಲಿಲ್ಲ. ಯುಟಿಲಿಟಿಯಲ್ಲಿ ವಾಷಿಂಗ್ ಮಷಿನ್ ಹಿಂದಿನ ಸಂದಿಯಲ್ಲಿ, ಬೆಕ್ಕೂ ನುಸುಳದ ಜಾಗದಲ್ಲಿ, ಆ ಉದ್ದ ಕಾಲುಗಳನ್ನು ಹೇಗೋ ಮಡಚಿಕೊಂಡು ಕೂತಿದ್ದಳು. ಕೆಳಗೆ ಒದ್ದೆಯಾಗಿತ್ತು. ಆಗ ಕೊರಳಲ್ಲಿ ಕಾಲರ್ ಇರಲೂ ಇಲ್ಲ.

ಆಮೇಲೆ ಹಗ್ಗ ಬಂತು. ಬೇಯಿಸಿದ ಕೋಳಿ ಲಿವರ್ ಬಂತು. ಮೊಟ್ಟೆ ಒಳಗೆ ತರದ ಮನೆಯಲ್ಲಿ ಹುಟ್ಟಿದ ನಾನು ಭಾನುವಾರ ದುಪಟ್ಟಾ ಮೂಗಿಗೆ ಸುತ್ತಿಕೊಂಡು ಕೋಳಿ ಅಂಗಡಿ ಮುಂದೆ ನಿಲ್ತೀನಿ. ಅಂಗಡಿಯವರಿಗೆ ಗುರುತಾಗಿದೆ, "ಅಕ್ಕಾ, ನಾಯಿಗೆ ತಾನೆ?" ಅಂತ ಕೇಳದೆಯೇ ಕಾಲು ಕೆಜಿ ಕಟ್ತಾರೆ. ಎಂಟು ತಿಂಗಳು ಹಿಡಿಯಿತು. ಈಗ ಹತ್ತು ಸಲ ಕರೆದರೆ ಎಂಟು ಸಲ ಬರ್ತಾಳೆ. ಉಳಿದ ಎರಡು ಸಲಕ್ಕೆ ಹಗ್ಗ ಇದೆ. ಬಿ ಬ್ಲಾಕಿನ ಹುಡುಗನಿಗೆ ಇದು ಲಾಭದ ವ್ಯವಹಾರ ಅನ್ನಿಸಲಿಕ್ಕಿಲ್ಲ.

ಮೈಕ್ರೋವೇವ್ ಇನ್ನೂ ಅದೇ. ಬೀಪ್ ಆಫ್ ಮಾಡೋ ಬಟನ್ ನಮ್ಮದರಲ್ಲಿಲ್ಲ. ಎರಡು ವರ್ಷದಿಂದ ನಾನು ಅದರ ಮುಂದೆಯೇ ನಿಂತು ಸೆಕೆಂಡ್ ಎಣಿಸ್ತೀನಿ. ನಾಲ್ಕು, ಮೂರು, ಎರಡು, ಅಷ್ಟರಲ್ಲಿ ಬಾಗಿಲು ಎಳೆದುಬಿಡ್ತೀನಿ. ಮನೆಗೆ ಬಂದ ನಾದಿನಿ ಹೋದ ವಾರ ನಕ್ಕಳು, "ಏನ್ ವೈನಿ, ಸಾರಿಗೆ ಅಷ್ಟ್ಯಾಕ ಅವಸರ?" ಅಂತ. ಏನೋ ಒಂದು ಹೇಳಿ ತಪ್ಪಿಸಿಕೊಂಡೆ.