ಹೆಬ್ಬೆಟ್ಟು ಬದಲಾಯಿಸಿಕೊಳ್ಳಿ

ಯಾವುದೋ ಕಂಪನಿಯಿಂದ ಮತ್ತೊಂದು ಕಂತೆ ಮಾಹಿತಿ ಸೋರಿದೆಯಂತೆ. ಮಾಮೂಲಿನಂತೆ ನಮಗೆ ಬುದ್ಧಿವಾದವೂ ಬಂದಿದೆ. ಪಾಸ್‌ವರ್ಡ್ ಬದಲಾಯಿಸಿ, ಓಟಿಪಿ ಕೊಡಬೇಡಿ, ಹುಷಾರಾಗಿರಿ. ಸೋರಿದ್ದು ಅವರ ಸೂರು, ಬಕೆಟ್ ಹಿಡಿಯಬೇಕಾದವರು ನಾವು.

2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ದುಡ್ಡು ಕಳೆದುಕೊಂಡವರನ್ನು ಓಟಿಪಿ ಕೇಳಿದವರೇ ಇಲ್ಲ. ಅವರು ಮಾಡಿದ ಪಾಪ ಅಂದ್ರೆ ಆಸ್ತಿ ರಿಜಿಸ್ಟ್ರೇಷನ್ ಮಾಡಿಸಿದ್ದು. ಕ್ರಯಪತ್ರದ ಮೇಲೆ ಹೆಬ್ಬೆಟ್ಟೂ ಇತ್ತು, ಆಧಾರ್ ನಂಬರೂ ಇತ್ತು. ಆಧಾರ್ ನಂಬರು, ಬೆರಳಚ್ಚಿನಿಂದ ಖಾತೆಯ ದುಡ್ಡು ತೆಗೆಯುವ ಎಇಪಿಎಸ್ ಅನ್ನೋ ವ್ಯವಸ್ಥೆಗೆ ಅವೆರಡರ ಜೊತೆ ಬ್ಯಾಂಕಿನ ಹೆಸರು ಗೊತ್ತಿದ್ದರೆ ಸಾಕು, ಒಂದು ಸಲಕ್ಕೆ 10,000 ರೂಪಾಯಿವರೆಗೆ ಎತ್ತಬಹುದು.

ಈಗ ಹೇಳಿ ಬುದ್ಧಿವಾದ. ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರುವ ಹೊಸ ಹೆಬ್ಬೆಟ್ಟು ಎಲ್ಲಿ ಸಿಗುತ್ತೆ? ಹಳ್ಳಿಯ ಅಜ್ಜಿಯರೇ ಪುಣ್ಯವಂತರು. ಜೀವಮಾನವಿಡೀ ಬೂದಿ, ಹುಣಸೆಹಣ್ಣು ಹಾಕಿ ಪಾತ್ರೆ ತಿಕ್ಕಿ ಬೆರಳಿನ ಗೆರೆಯೇ ಸವೆದು ಹೋಗಿರುತ್ತೆ. ರೇಷನ್ ಅಂಗಡಿಯಲ್ಲಿ "ಕೈ ಒರೆಸ್ಕೊಂಡು ಇನ್ನೊಂದ್ಸಲ ಒತ್ತಜ್ಜಿ" ಅಂತಾರೆ, ಅಜ್ಜಿ ಸೆರಗಿಗೆ ಒರೆಸಿ ಒತ್ತುತ್ತಾಳೆ, ಮಷಿನ್ ಮತ್ತೆ ಕುಂಯ್ ಅನ್ನುತ್ತೆ. ಅಜ್ಜಿಯ ಸ್ವಂತ ಬೆರಳನ್ನು ನಂಬದ ತಂತ್ರಜ್ಞಾನ ಕ್ರಯಪತ್ರದ ಗುರುತು ಕದ್ದು ಕಳ್ಳ ಮಾಡಿದ ಸಿಲಿಕೋನ್ ಬೆರಳನ್ನು ಕಣ್ಣುಮುಚ್ಚಿ ನಂಬುತ್ತೆ!

ಯಾರೂ ಎಚ್ಚರಿಸಿರಲಿಲ್ಲ ಅಂತ ಮಾತ್ರ ಹೇಳಬೇಡಿ. 2022ರ ಮೇನಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ, ಸಿಕ್ಕಸಿಕ್ಕವರಿಗೆ ಆಧಾರ್ ಜೆರಾಕ್ಸ್ ಕೊಡಬೇಡಿ ಎಂದಿತ್ತು. ಎಂಥ ಒಳ್ಳೆ ಮಾತು! ಎರಡೇ ದಿನದಲ್ಲಿ ದೆಹಲಿಯವರು ಅದನ್ನು ವಾಪಸ್ ತೆಗೆದುಕೊಂಡರು, ಜನ ತಪ್ಪು ತಿಳಿದುಕೊಳ್ಳಬಹುದಂತೆ. ಆಧಾರ್ ಮಾಹಿತಿಗೆ 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆಯ ಕಾವಲಿದೆ ಎಂದು 2018ರಲ್ಲಿ ಸರ್ಕಾರದ ಕಡೆಯವರು ಸುಪ್ರೀಂ ಕೋರ್ಟಿಗೇ ಹೇಳಿದ್ದರಲ್ಲ. ಪಾಪ, ಕಳ್ಳರಿಗೆ ಗೋಡೆ ಹತ್ತುವ ಪ್ರಮೇಯವೇ ಬರಲಿಲ್ಲ.

ಕೆಲಸಕ್ಕೆ ಬರುವ ಮಾತೂ ಇದೆ. ಆಧಾರ್ ಆಪ್‌ನಲ್ಲಿ ಬಯೋಮೆಟ್ರಿಕ್, ಅಂದ್ರೆ ಬೆರಳು-ಕಣ್ಣಿನ ಗುರುತು, ಲಾಕ್ ಮಾಡಿಡಿ, ದುಡ್ಡು ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆದರೆ ಲಾಕ್ ಮಾಡಿದರೆ ರೇಷನ್ ಅಂಗಡಿಯಲ್ಲೂ ಬೆರಳು ನಡೆಯಲ್ಲ. ಅಕ್ಕಿ ಬೇಕಾದಾಗ ಬೀಗ ತೆಗಿ, ಮನೆಗೆ ಬಂದು ಮತ್ತೆ ಹಾಕು. ಬಟನ್ ಫೋನಿನ ಅಜ್ಜಿ ಇದನ್ನೆಲ್ಲ ಎಲ್ಲಿ ಮಾಡ್ತಾಳೆ ಅಂತ ಒಬ್ಬರಾದರೂ ಯೋಚಿಸಿದ್ದಾರಾ?

ಸಾಕಾಗಿದೆ, ನಿಜವಾಗಲೂ. ಮಾಹಿತಿ ಕಾಪಾಡದ ಕಂಪನಿಗೆ 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡ ಉಂಟು. ಅದು ಹೋಗೋದು ಸರ್ಕಾರದ ಖಜಾನೆಗೆ. ಕಳೆದುಕೊಂಡವರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಹಳೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯಲ್ಲಿದ್ದ ಪರಿಹಾರದ ಸೆಕ್ಷನ್ನನ್ನೂ ಕಿತ್ತುಹಾಕಲು ಇದರಲ್ಲೇ ಬರೆದಿದ್ದಾರೆ. ಹಾಗಂತ ನಮ್ಮನ್ನು ಪೂರ್ತಿ ಮರೆತಿಲ್ಲ. ನಾವು ಕೊಟ್ಟ ದೂರು ಸುಳ್ಳೋ ಕ್ಷುಲ್ಲಕವೋ ಅಂತ ತೀರ್ಮಾನವಾದರೆ 10,000 ರೂಪಾಯಿವರೆಗೆ ದಂಡ ನಮಗೇ.