ಅಡ್ಮಿಷನ್‌ಗೆ ಎರಡು ಅಳತೆ ಸರಿಯೇ?

ಹೈಸ್ಕೂಲು ಮುಗಿಸಿ ನೇರ ಬರುವವರಿಗೆ ಒಂದು ಅರ್ಹತೆ. ಬೇರೆ ಕಾಲೇಜಿನಲ್ಲಿ ಓದಿ ವರ್ಗಾವಣೆ ಕೇಳುವವರಿಗೆ ಇನ್ನೊಂದು. ಅಮೆರಿಕದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಈ ಪದ್ಧತಿ ನ್ಯಾಯವೇ?

ಪರ: ಹಳೆಯ ಮಾರ್ಕ್ಸ್ ಕಾರ್ಡ್ ಎಷ್ಟು ದಿನ ಹೊರಬೇಕು?

ಹೊಸಬರ ಬಗ್ಗೆ ಯೂನಿವರ್ಸಿಟಿಯ ಕೈಲಿರುವುದು ಹೈಸ್ಕೂಲಿನ ದಾಖಲೆ. ಅದಕ್ಕೇ ‘ಎ-ಜಿ’ ಎನ್ನುವ, ವರ್ಷವಿಡೀ ಓದುವ 15 ಕೋರ್ಸುಗಳನ್ನು ಕೇಳುತ್ತಾರೆ. ಇಂಗ್ಲಿಷ್ 4 ವರ್ಷ, ಗಣಿತ 3 ವರ್ಷ, ಹೀಗೆ. ಆ ರಾಜ್ಯದವರಾದರೆ ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್, 2.5 ಇರಬೇಕು. 2022ರಲ್ಲಿ ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯನ್ನು ಕೈಬಿಟ್ಟ ಮೇಲಂತೂ ಈ ದಾಖಲೆಯದ್ದೇ ದರಬಾರು.

ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜಿನಲ್ಲಿ, ಓದಿದವರ ಕಥೆ ಬೇರೆ. ಅವರು ಕಾಲೇಜಿನ ಪಾಠವನ್ನೇ ಓದಿ ತೋರಿಸಿದ್ದಾರೆ, ಅಲ್ವಾ? ಹೈಸ್ಕೂಲಿನಲ್ಲಿ ಎಡವಿದ್ದನ್ನು ಮತ್ತೆ ಕೆದಕಿ ಏನು ಸಿಗುತ್ತದೆ? 60 ಸೆಮಿಸ್ಟರ್ ಯೂನಿಟ್ (ಕೋರ್ಸುಗಳನ್ನು ಅಳೆಯುವ ಲೆಕ್ಕ), 2.0 ಜಿಪಿಎ ಇದ್ದರೆ ಸಾಕು ಅಂತ ಸುಮ್ನೆ ಹೇಳಿಬಿಡುತ್ತಾರೆ. ಸಾಲದು. ಮಾತುಗಾರಿಕೆ, ಬರವಣಿಗೆ, ತರ್ಕ, ಗಣಿತ ನಾಲ್ಕರಲ್ಲೂ ಕನಿಷ್ಠ ಸಿ-ಮೈನಸ್ ಬರಬೇಕು. ಉಳಿದೆಲ್ಲ ಪಾಸಾಗಿ ಗಣಿತವೊಂದು ಕೈಕೊಟ್ಟರೂ ಅರ್ಜಿ ಅಲ್ಲೇ ನಿಲ್ಲುತ್ತದೆ. ಇದನ್ನು ಹಿಂಬಾಗಿಲು ಎನ್ನುವವರು ಕೆಲಸದ ಪಾಳಿ ಮುಗಿಸಿ ಬಂದು ಆ ಗಣಿತ ಓದಿ ನೋಡಲಿ.

ಇದು ಯಾರೋ ಕರುಣೆಯಿಂದ ಕೊಟ್ಟದ್ದೂ ಅಲ್ಲ. ಕ್ಯಾಲಿಫೋರ್ನಿಯಾದ ಉನ್ನತ ಶಿಕ್ಷಣಕ್ಕೆಂದು ಮಾಡಿದ 1960ರ ಮಾಸ್ಟರ್ ಪ್ಲಾನ್ ಪ್ರಕಾರ ಸ್ಟೇಟ್ ಯೂನಿವರ್ಸಿಟಿಗೆ ನೇರ ಪ್ರವೇಶ ಹೈಸ್ಕೂಲಿನ ಮೇಲಿನ ಮೂರನೇ ಒಂದು ಭಾಗದವರಿಗೆ. ಉಳಿದವರು ಕಮ್ಯುನಿಟಿ ಕಾಲೇಜಿಗೆ ಸೇರಿ ಅಲ್ಲಿಂದ ಮೇಲೆ ಬರಲಿ ಎಂಬುದು ಲೆಕ್ಕ. ನೇರ ದಾರಿಯನ್ನು ಬೇಕಂತಲೇ ಕಿರಿದು ಮಾಡಿದವರು ಎರಡನೆಯದನ್ನಾದರೂ ತೆರೆದಿಡಬೇಕಲ್ಲ.

ವಿರೋಧ: ಗೆರೆ ಎಳೆದ ಜಾಗವೇ ತಪ್ಪು

ಸೀಟು ಒಂದೇ, ಡಿಗ್ರಿ ಒಂದೇ. ಆದರೂ ಹೈಸ್ಕೂಲಿನಲ್ಲಿ 2.4 ತಂದವಳ ಅರ್ಜಿ ಹೆಚ್ಚುವರಿ ಪರಿಶೀಲನೆಗೆ ಹೋಗುತ್ತದೆ, ಉಳಿದ ಷರತ್ತು ಮುಗಿಸಿ ಕಾಲೇಜಿನಲ್ಲಿ 2.0 ತಂದವನು ಅರ್ಹ. ಕಾಲೇಜಿನ ಪಾಠ ಕಷ್ಟ, ಒಪ್ಪೋಣ. ಆದರೆ ಒಂದು ಕಾಲೇಜಿನ ಬಿ ಗ್ರೇಡ್ ಇನ್ನೊಂದರ ಬಿ ಗ್ರೇಡಿಗೆ ಸಮ ಅಂತ ಯಾರು ಹೇಳಿದರು?

ನನಗೆ ಜಾಸ್ತಿ ಚುಚ್ಚುವುದು 60ರ ಗೆರೆ. 57 ಯೂನಿಟ್ ಇದ್ದವರು ಬೇರೆ ಪಟ್ಟಿಗೆ ಬೀಳುತ್ತಾರೆ. ಆಗ ಕಾಲೇಜಿನ ಅಂಕದ ಜೊತೆ ಹೈಸ್ಕೂಲಿನ ದಾಖಲೆಯನ್ನೂ ತರಬೇಕು. ಈ ಯೂನಿವರ್ಸಿಟಿಯ ಎಷ್ಟೋ ಕ್ಯಾಂಪಸ್‌ಗಳು ಅಂಥವರನ್ನು ತೆಗೆದುಕೊಳ್ಳುವುದೇ ಇಲ್ಲ. ಮೂರು ಯೂನಿಟ್ ಎಂದರೆ ಸಾಮಾನ್ಯವಾಗಿ ಒಂದೇ ಒಂದು ಕೋರ್ಸು. ಅದು ಮುಗಿದಿದ್ದರೆ ಹೈಸ್ಕೂಲಿನ ಮಾರ್ಕ್ಸ್ ಯಾರಿಗೂ ಬೇಡ, ಮುಗಿಯದಿದ್ದರೆ ಅದೇ ಮುಖ್ಯ. ಎಂಥ ಲೆಕ್ಕ ಇದು!

ಅಷ್ಟಕ್ಕೂ ಅರ್ಹತೆ ಬಂತೆಂದರೆ ಸೀಟು ಬಂತೆಂದಲ್ಲ. ಬೇಡಿಕೆ ಇರುವ ಕ್ಯಾಂಪಸ್‌ಗಳಲ್ಲಿ ಕನಿಷ್ಠ ಜಿಪಿಎ ಇಟ್ಟುಕೊಂಡು ಹೋದರೆ ಕೆಲಸ ಆಗುವುದಿಲ್ಲ. 2010ರ ಕಾನೂನಿನಂತೆ, ವರ್ಗಾವಣೆಗೆಂದೇ ರೂಪಿಸಿದ ಅಸೋಸಿಯೇಟ್ ಡಿಗ್ರಿ (ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಪದವಿ) ಮಾಡಿದವರಿಗೆ ಎಲ್ಲೋ ಒಂದು ಕಡೆ ಸೀಟು ಖಾತ್ರಿ. ಕೇಳಿದ ಕ್ಯಾಂಪಸ್ಸೇ ಸಿಗುತ್ತದೆ ಎಂದೇನಿಲ್ಲ.

ಎರಡೂ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಲಿ. 20 ಯೂನಿಟ್ ಮಾಡಿದವರಲ್ಲಿ ಹೈಸ್ಕೂಲಿಗೆ ತೂಕ ಜಾಸ್ತಿ ಇರಲಿ, 55 ಮಾಡಿದವರಲ್ಲಿ ಕಾಲೇಜಿಗೆ. ಅಡ್ಮಿಷನ್ ಆಫೀಸಿಗೆ ಕೆಲಸ ಹೆಚ್ಚುತ್ತದೆ, ನಿಜ. ಆದರೆ ಒಂದೇ ಕೋರ್ಸಿಗಾಗಿ ಇನ್ನೊಂದು ಸೆಮಿಸ್ಟರ್ ಫೀಸು, ಬಾಡಿಗೆ ಕಟ್ಟುತ್ತಿರುವವರು ಆಫೀಸಿನವರಲ್ಲ.